ಕಾಡಿನ ಶಾಸ್ತ್ರ ಎತ್ತ ಸಾಗಿದೆ?

ಮುಂಡರಗಿ ತಾಲ್ಲೂಕಿನ ಕೊರ್ಲಹಳ್ಳಿ ತುಂಗಭದ್ರೆಯ ದಡದ ಊರು. ಗದಗಿನ ಬಿಂಕದಕಟ್ಟಿಯ ಬಳಿ ತಲೆಯೆತ್ತುವ ಕಪ್ಪತಗುಡ್ಡದ ಸಾಲು ಇದೇ ತಾಲ್ಲೂಕಿನ ಸಿಂಗಟಾಲೂರಿನ ಹತ್ತಿರ ಹೊಳೆಯನ್ನು ಸಮೀಪಿಸುತ್ತದೆ. ತೇಗ, ಬೀಟೆಗಳ ದಟ್ಟಡವಿ ಅದಲ್ಲ. ಕುರುಚಲು ಗಿಡ, ಹುಲ್ಲು, ಔಷಧಿಯ ಮೂಲಿಕೆಗಳೇ ಅದರ ಸಂಪತ್ತು. ಇಂಥ ಗುಡ್ಡಕ್ಕೆ ನಮ್ಮ ದೇಶದ ಅರಣ್ಯಶಾಸ್ತ್ರವು ಎಷ್ಟು ಪುಟಗಳನ್ನು ಮೀಸಲಿಟ್ಟಿತು?

ಆ ಶಾಸ್ತ್ರದ ಹುಟ್ಟಿನಲ್ಲೇ ಅರ್ಧ ಉತ್ತರವಿದೆ. 1875ರಲ್ಲಿ ‘ಇಂಡಿಯನ್ ಫಾರೆಸ್ಟರ್’ ಪತ್ರಿಕೆ ಹೊರಟಾಗಲೂ, 1906ರಲ್ಲಿ ಡೆಹರಾಡೂನಿನ ಸಂಶೋಧನಾಲಯ ಸ್ಥಾಪನೆಯಾದಾಗಲೂ ಆಳುವವರಿಗೆ ಮುಖ್ಯವಾಗಿ ಬೇಕಾಗಿದ್ದುದು ರೈಲುಹಳಿಯ ಸ್ಲೀಪರು ಮತ್ತು ಮನೆಕಟ್ಟುವ ದಿಮ್ಮಿ. 1952ರ ಅರಣ್ಯನೀತಿಯೂ ಕೈಗಾರಿಕೆಯ ಅಗತ್ಯವನ್ನು ಮರೆಯಲಿಲ್ಲ. ಪರಿಸರದ ಸಮತೋಲವೇ ಮೊದಲು, ಆದಾಯ ಅನಂತರ ಎಂದು ಸ್ಪಷ್ಟವಾಗಿ ಸಾರಿದ್ದು 1988ರ ನೀತಿ. ಸಂಶೋಧಕರ ಗಮನವೂ ದಿಮ್ಮಿಯಿಂದ ಜೀವವೈವಿಧ್ಯದ ಕಡೆಗೆ ಹೊರಳತೊಡಗಿತು.

ಆದರೆ ವರುಷಕ್ಕೆ ಇಷ್ಟು ಪ್ರಬಂಧಗಳೆಂದು ಎಣಿಸುವ ಪದ್ಧತಿ ಮರಕ್ಕೆ ಹೊಂದುವಂಥದಲ್ಲ. ಶ್ರೀಗಂಧದ ಸ್ಪೈಕ್ ರೋಗವನ್ನೇ ನೋಡಬಹುದು. ಅದು 1899ರಲ್ಲಿ ಕೊಡಗಿನಲ್ಲಿ ವರದಿಯಾಯಿತು. ಅನೇಕ ವಿದ್ವಾಂಸರು ವೈರಸ್ಸೇ ಕಾರಣವೆಂದು ನಂಬಿದ್ದರು. ಇಂದು ಫೈಟೊಪ್ಲಾಸ್ಮಾ ಎನ್ನಲಾಗುವ ಸೂಕ್ಷ್ಮಜೀವಿ ರೋಗಿ ಮರಗಳಲ್ಲಿ ಕಾಣಿಸಿಕೊಂಡದ್ದು 1969ರಲ್ಲಿ. ಎಪ್ಪತ್ತು ವರುಷ! ನಡುವಿನ ಸೋಲುಗಳನ್ನು ಯಾವ ಎಣಿಕೆಯ ಪಟ್ಟಿ ಲೆಕ್ಕಕ್ಕೆ ಹಿಡಿದೀತು? ರೋಗಕ್ಕೆ ಖಚಿತವಾದ ಮದ್ದು ಇನ್ನೂ ದೊರೆತಿಲ್ಲ.

ನೀಲಗಿರಿಯ ಕಥೆ ಇನ್ನೂ ಕಹಿ. ಕಾಗದ ಮತ್ತು ರೇಯಾನ್ ಗಿರಣಿಗಳ ಆಸೆಗೆ ಬಯಲುಸೀಮೆಯಲ್ಲಿ ಆ ಮರ ಹಬ್ಬಿತು. ಅದು ಎಷ್ಟು ನೀರು ಕುಡಿಯುತ್ತದೆಂಬ ವ್ಯವಸ್ಥಿತ ಅಳತೆ ಹೊಸಕೋಟೆಯಂಥ ಕಡೆ ನಡೆದದ್ದು ನೆಟ್ಟಾದ ಮೇಲೆ. 2017ರಲ್ಲಿ ರಾಜ್ಯ ಸರಕಾರ ಹೊಸ ನೆಡುವಿಕೆಯನ್ನು ನಿಷೇಧಿಸಿತು. ಉತ್ತರ ಬರುವ ಮೊದಲೇ ಹೊಲ ತುಂಬಿತ್ತು.

ಕಪ್ಪತಗುಡ್ಡದಲ್ಲಿಯೂ ಆದದ್ದು ಹೀಗೆಯೇ. ನೆಲದಡಿಯ ಚಿನ್ನ, ಕಬ್ಬಿಣಗಳನ್ನು ಅಳೆಯಲು ಜನ ಬೇಗ ಬಂದರು. ನೆಲದ ಮೇಲಿನ ಮೂಲಿಕೆಗಳ ಪರವಾಗಿ ಬೀದಿಗಿಳಿದವರು ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಮತ್ತು ಸುತ್ತಲಿನ ಜನ. 2015ರಲ್ಲಿ ಸಿಕ್ಕ ಸಂರಕ್ಷಿತ ಸ್ಥಾನಮಾನ ಮರುವರುಷವೇ ರದ್ದಾಗಿ 2017ರಲ್ಲಿ ಮರಳಿತು. 2019ರಲ್ಲಿ 244 ಚದರ ಕಿಲೋಮೀಟರು ವನ್ಯಜೀವಿಧಾಮವಾಯಿತು. ಬೇಸಗೆಯ ಬೆಂಕಿಯ ಬಳಿಕ ಯಾವ ಮೂಲಿಕೆ ಮೊದಲು ಚಿಗುರುತ್ತದೆ, ಯಾವುದು ಮರಳಿ ಬಾರದು ಎಂಬುದನ್ನು ಹತ್ತಾರು ವರುಷ ಒಂದೇ ಜಾಗದಲ್ಲಿ ಕುಳಿತು ಬರೆದಿಡುವವರು ಈಗ ಬೇಕಾಗಿದ್ದಾರೆ.