ಗಿಡದ ಕೋಣೆಗೆ ಗ್ಯಾಸು ಬೇಕೇ, ಗಾಳಿ ಬೇಕೇ?

ಸುಳ್ಯದ ಸಂಪಾಜೆ, ಅರಂತೋಡು ಕಡೆಯ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ಹಿಂಡುತ್ತಿದೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿಯೂ ಸೇರಿಕೊಂಡಿತು. ಪುತ್ತೂರು, ಸುಳ್ಯ, ಕಡಬದ ಅಡಿಕೆ ಕೃಷಿಕರು ಬೇರೆ ದಾರಿ ನೋಡುವುದು ಸಹಜ. ಅಣಬೆಯಾಯಿತು, ಕಾಳುಮೆಣಸಿನ ನರ್ಸರಿಯಾಯಿತು, ಈಗ ಕೋಣೆಯೊಳಗೆ ದೀಪದ ಬೆಳಕಿನಲ್ಲಿ ಸೊಪ್ಪು, ಸಸಿ ಬೆಳೆಸುವ ಯೋಚನೆ. ಅದರ ಬೆನ್ನಿಗೇ ಒಂದು ಸಲಹೆ ಬರುತ್ತದೆ: ಇಂಗಾಲದ ಡೈಆಕ್ಸೈಡ್ ಬಿಡಿ, ಇಳುವರಿ ಏರುತ್ತದೆ.

ಸಲಹೆ ಸುಳ್ಳಲ್ಲ. ಹೊರಗಿನ ಗಾಳಿಯಲ್ಲಿ ಈ ಅನಿಲ ಸುಮಾರು 420 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 420 ಪಾಲು ಇದೆ. ನೆದರ್ಲೆಂಡ್ಸ್‌ನ ಗಾಜಿನ ಮನೆಗಳಲ್ಲಿ ಅದನ್ನು 800ರಿಂದ 1000ಕ್ಕೆ ಏರಿಸಿ ಟೊಮೆಟೊ ಬೆಳೆಯುತ್ತಾರೆ. ಅಲ್ಲಿ ಚಳಿಗೆ ಕಿಟಕಿ ಮುಚ್ಚಲೇಬೇಕು. ಮುಚ್ಚಿದ ಮನೆಯಲ್ಲಿ ಗಿಡಗಳು ಇದ್ದ ಅನಿಲವನ್ನು ಹೀರಿ ಮುಗಿಸುತ್ತವೆ, ಆದ್ದರಿಂದ ತುಂಬಿಸಬೇಕು. ನಮ್ಮ ಕಷ್ಟ ತಿರುಗುಮುರುಗು. ಆಷಾಢದ ಮಳೆಯಲ್ಲಿ ಕೋಣೆ ಮುಚ್ಚಿಟ್ಟರೆ ನಾಲ್ಕೇ ದಿನದಲ್ಲಿ ಬೂಷ್ಟು. ಫ್ಯಾನು ತಿರುಗಲೇಬೇಕು. ಫ್ಯಾನು ಗಂಟೆಗೆ ಹತ್ತು ಸಲ ಗಾಳಿ ಬದಲಿಸುತ್ತಿದ್ದರೆ ಬಿಟ್ಟ ಗ್ಯಾಸಿನ ಬಹುಪಾಲು ಕೆಲವೇ ನಿಮಿಷಗಳಲ್ಲಿ ಅಂಗಳಕ್ಕೆ ಹೋಗುತ್ತದೆ. ಅದೇ ಫ್ಯಾನು ಒಳಗೆಳೆಯುವ ಹೊಸ ಗಾಳಿಯಲ್ಲಿ ಗಿಡಕ್ಕೆ ಬೇಕಾದ 420 ಪಿಪಿಎಂ ಬಿಟ್ಟಿಯಾಗಿ ಬರುತ್ತಲೇ ಇರುತ್ತದೆ.

ಇನ್ನು ಅಪಾಯದ ಲೆಕ್ಕ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿ ಸುಮಾರು 28 ಘನ ಮೀಟರ್ ಗಾಳಿ ಹಿಡಿಯುತ್ತದೆ. ಅದನ್ನು 1000 ಪಿಪಿಎಂಗೆ ಏರಿಸಲು ಮೂವತ್ತು ಗ್ರಾಂ ಅನಿಲ ಸಾಕು. ಮುಚ್ಚಿದ ಅದೇ ಕೋಣೆಯಲ್ಲಿ ಸಿಲಿಂಡರಿನಿಂದ ಎರಡು ಕಿಲೋ ಸೋರಿದರೆ ಪ್ರಮಾಣ 40,000ದ ಹತ್ತಿರ ಹೋಗುತ್ತದೆ. ಪ್ರಾಣಕ್ಕೆ ಕೂಡಲೇ ಅಪಾಯ ಎಂದು ಗುರುತಿಸಿರುವ ಮಟ್ಟ ಅದು. ಎಂಟು ಗಂಟೆಯ ಕೆಲಸಕ್ಕೆ ಒಪ್ಪಿದ ಮಿತಿ 5000 ಮಾತ್ರ. ಅಡುಗೆ ಗ್ಯಾಸಿಗೆ ವಾಸನೆ ಬೆರೆಸಿರುತ್ತಾರೆ, ಇದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ್ದರಿಂದ ಸೋರಿದ್ದು ನೆಲದ ಮಟ್ಟದಲ್ಲಿ ಕೂರುತ್ತದೆ.

ಹಟ್ಟಿಯ ಹಿಂದೆ ಗೋಬರ್ ಗ್ಯಾಸ್ ಇದೆಯಲ್ಲ, ಅದನ್ನೇ ಕೋಣೆಯಲ್ಲಿ ಉರಿಸಬಹುದಲ್ಲ ಎನ್ನುವವರಿದ್ದಾರೆ. ಖಂಡಿತ ಬೇಡ. ಅದರಲ್ಲಿ ಮೀಥೇನ್ ಎಷ್ಟೇ ಇರಲಿ, ಒಂದು ಘನ ಮೀಟರ್ ಉರಿದರೆ ಸುಮಾರು ಒಂದು ಘನ ಮೀಟರ್ ಇಂಗಾಲದ ಡೈಆಕ್ಸೈಡೇ ಉಳಿಯುತ್ತದೆ. ಮೇಲೆ ಹೇಳಿದ ಕೋಣೆಗೆ ಅದು 35,000 ಪಿಪಿಎಂ! ಜೊತೆಗೆ ನೀರಾವಿ, ಗಂಧಕದ ಹೊಗೆ, ಉರಿ ಸರಿಯಿಲ್ಲದಿದ್ದರೆ ಕಾರ್ಬನ್ ಮೊನಾಕ್ಸೈಡ್.

ಬಾವಿಗೆ ಇಳಿಯುವ ಮೊದಲು ದೀಪ ಇಳಿಸಿ ನೋಡುವ ಪದ್ಧತಿ ನಮ್ಮಲ್ಲಿದೆ. ದೀಪ ಆರಿದರೆ ಇಳಿಯಬಾರದು, ನಿಜ. ಉರಿಯುತ್ತಿದೆ ಎಂದ ಮಾತ್ರಕ್ಕೆ ಇಳಿಯಬಹುದು ಎಂದಲ್ಲ. ಇಂಗಾಲದ ಡೈಆಕ್ಸೈಡ್ ಶೇಕಡಾ ನಾಲ್ಕಿದ್ದಾಗ ಮನುಷ್ಯನಿಗೆ ಏದುಸಿರು, ತಲೆಸುತ್ತು. ದೀಪ ಆಗಲೂ ಉರಿಯುತ್ತಿರುತ್ತದೆ. ಗಿಡದ ಕೋಣೆಯಲ್ಲಿ ನಂಬಬೇಕಾದದ್ದು ಮೀಟರನ್ನು.

ಅಣಬೆ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೈಹುಲ್ಲಿನ ಚೀಲದಲ್ಲಿ ಚಿಪ್ಪಣಬೆ ತಾನೇ ಈ ಅನಿಲವನ್ನು ಉಸಿರಾಡಿ ಬಿಡುತ್ತದೆ. ಗಾಳಿ ಸಾಲದಿದ್ದರೆ ತೊಟ್ಟು ಉದ್ದವಾಗಿ, ಕೊಡೆ ಪುಟ್ಟದಾಗಿ, ಪೇಟೆಯಲ್ಲಿ ಯಾರೂ ಮುಟ್ಟದ ಅಣಬೆ ಬರುತ್ತದೆ. ಕಿಟಕಿ ತೆರೆಯಬೇಕೆಂದು ಆ ತೊಟ್ಟು ನೋಡಿಯೇ ತಿಳಿಯುತ್ತಾರೆ.

ಹಾಗಾಗಿ ಗಾಳಿಯಾಡುವ ಕೋಣೆಗೆ ಸಿಲಿಂಡರ್ ದಂಡ ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಳಕು ಸಾಲದ ಕಡೆಯಂತೂ ಹೆಚ್ಚಿನ ಅನಿಲದಿಂದ ಗಿಡಕ್ಕೆ ಲಾಭ ಅತ್ಯಲ್ಪ. ಆ ಹಣವನ್ನು ಒಳ್ಳೆಯ ಫ್ಯಾನಿಗೆ, ದೀಪಕ್ಕೆ ಹಾಕಿ. ಈಗಾಗಲೇ ಸಿಲಿಂಡರ್ ಇಟ್ಟಿರುವವರು ಕರೆಂಟು ಹೋದರೇನು ಗತಿ ಎಂದು ಮೊದಲು ನೋಡಿ. ಮಳೆಗಾಲದಲ್ಲಿ ಕಡಬದ ಒಳಹಳ್ಳಿಗಳಲ್ಲಿ ಒಮ್ಮೆ ಹೋದ ಕರೆಂಟು ಯಾವಾಗ ಬಂದೀತು ಎಂದು ಹೇಳಲಾಗದು. ಫ್ಯಾನು ನಿಂತು, ಗ್ಯಾಸು ಮಾತ್ರ ಬರುತ್ತಿದ್ದರೆ? ಕರೆಂಟು ಹೋದ ಕ್ಷಣ ತಾನೇ ಮುಚ್ಚಿಕೊಳ್ಳುವ ವಾಲ್ವನ್ನೇ ಹಾಕಿಸಿ. ಫ್ಯಾನಿನ ಸ್ವಿಚ್ಚು ಬಾಗಿಲ ಹೊರಗಿರಲಿ, ಅಲಾರಂ ಇರುವ ಮೀಟರ್ ಮೂಗಿನ ಮಟ್ಟದಲ್ಲೊಂದು, ನೆಲದ ಹತ್ತಿರ ಒಂದು ಇರಲಿ. ಒಳಗೆ ಯಾರಾದರೂ ಬಿದ್ದಿದ್ದರೆ ಹಿಂದೆಯೇ ನುಗ್ಗಬೇಡಿ; ಹೊರಗಿನಿಂದ ಸಾಧ್ಯವಾದರೆ ವಾಲ್ವ್ ಮುಚ್ಚಿ, ಬಾಗಿಲು ತೆರೆದು, ಫ್ಯಾನು ಹಾಕಿ, ಅಗ್ನಿಶಾಮಕ ದಳಕ್ಕೆ ಫೋನು ಮಾಡಿ.