ಆರ್‌ಸಿ ದಂಡಕ್ಕೆ ಒಂದು ಮಿತಿ ಇರಲಿ

ಹದಿನೈದು ವರ್ಷ ತುಂಬಿದ ಬೈಕ್‌ನ ನೋಂದಣಿ ನವೀಕರಣಕ್ಕೆ ಶುಲ್ಕ 1,000 ರೂಪಾಯಿ. ಗಡುವು ಮೀರಿದರೆ ತಡವಾದ ಪ್ರತಿ ತಿಂಗಳಿಗೂ 300 ರೂಪಾಯಿ ಹೆಚ್ಚುವರಿ. ಶುಲ್ಕದ ಬಗ್ಗೆ ನನ್ನ ತಕರಾರಿಲ್ಲ. ಆದರೆ ತಡಮಾಡಿದ್ದಕ್ಕೆ ಹಾಕುವ ದಂಡ ಎಲ್ಲಿಯೂ ನಿಲ್ಲದೆ ಬೆಳೆಯುತ್ತಲೇ ಹೋಗುವುದು ಸರಿಯಲ್ಲ. ಹೊಳಲ್ಕೆರೆಯಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ ನಡೆಸುವ ನಾನು ಇದರ ಪರಿಣಾಮವನ್ನು ದಿನವೂ ಕಣ್ಣಾರೆ ಕಾಣುತ್ತಿದ್ದೇನೆ.

ನನ್ನಲ್ಲಿಗೆ ಬರುವವರು ತೋಟಕ್ಕೆ ಗೊಬ್ಬರದ ಚೀಲ ಹೇರುವ ಟಿವಿಎಸ್ ಎಕ್ಸೆಲ್‌ನವರು, ಭೀಮಸಮುದ್ರದ ಅಡಿಕೆ ಮಂಡಿಗೆ ಓಡಾಡುವವರು, ಹೊಸದುರ್ಗದ ಕಡೆಯ ತೆಂಗಿನಕಾಯಿ ವ್ಯಾಪಾರಿಗಳು, ಹಳ್ಳಿಹಳ್ಳಿ ತಿರುಗಿ ಬಟ್ಟೆ ಮಾರುವವರು. ಗಾಡಿ ಹೊರಟರೆ ಮಾತ್ರ ಇವರ ಅಂದಿನ ದುಡಿಮೆ. ಆರ್‌ಸಿ ಅವಧಿ ಮುಗಿದಿದೆ ಎಂದರೆ ಬಹಳ ಜನ ಕೇಳುವುದು ಒಂದೇ ಪ್ರಶ್ನೆ: ‘ಅಕ್ಕಾ, ಗಾಡಿ ತಗೊಂಡಾಗಲೇ ಲೈಫ್ ಟ್ಯಾಕ್ಸ್ ಕಟ್ಟೀನಲ್ಲ, ಮತ್ತೆ ಏನು ಕಟ್ಟೋದು?’ ತೆರಿಗೆ ಬೇರೆ, ನೋಂದಣಿ ಬೇರೆ ಎಂಬುದನ್ನು ಅವರಿಗೆ ಯಾರೂ ತಿಳಿಸಿ ಹೇಳಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 41ನೇ ಕಲಂ ಪ್ರಕಾರ ಸ್ವಂತ ಬಳಕೆಯ ವಾಹನದ ನೋಂದಣಿಗೆ 15 ವರ್ಷದ ಆಯಸ್ಸು. ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅವಧಿ ಮುಗಿಯುವ 60 ದಿನ ಮೊದಲೇ ನಮೂನೆ 25ರಲ್ಲಿ ಅರ್ಜಿ ಹಾಕಲು ಅವಕಾಶವಿದೆ.

2022ರ ಮಾರ್ಚ್‌ವರೆಗೆ ನವೀಕರಣ ಶುಲ್ಕ ಬೈಕಿಗೆ 300, ಕಾರಿಗೆ 600 ರೂಪಾಯಿ ಇತ್ತು. ಏಪ್ರಿಲ್ 1ರಿಂದ ಕೇಂದ್ರ ಸರ್ಕಾರ ಅದನ್ನು 1,000 ಮತ್ತು 5,000ಕ್ಕೆ ಏರಿಸಿತು. ತಡಮಾಡಿದರೆ ಬೈಕಿಗೆ ತಿಂಗಳಿಗೆ 300, ಕಾರಿಗೆ 500 ರೂಪಾಯಿ ಎಂದು ಗೊತ್ತುಮಾಡಿತು. 2025ರ ಆಗಸ್ಟ್‌ನಲ್ಲಿ, 20 ವರ್ಷ ದಾಟಿದ ಬೈಕಿಗೆ 2,000, ಕಾರಿಗೆ 10,000 ಎಂದಾಯಿತು. ರಾಜ್ಯದ ಹಸಿರು ತೆರಿಗೆ ಬೇರೆ. ಹಳೆಯ ವಾಹನಗಳ ಹೊಗೆಯನ್ನು ಕಡಿಮೆ ಮಾಡಬೇಕೆಂಬ ಉದ್ದೇಶವನ್ನು ನಾನು ಒಪ್ಪುತ್ತೇನೆ. ಹೈವೇಯಲ್ಲಿ ಲಾರಿಗಳ ನಡುವೆ ಬ್ರೇಕ್ ಹಿಡಿಯದ ಗಾಡಿ ಓಡಿಸುವುದು ತನಗೂ ಅಪಾಯ, ಪರರಿಗೂ ಅಪಾಯ. ಹದಿನೈದು ವರ್ಷ ತುಂಬಿದ ಮೇಲೆ ಇನ್‌ಸ್ಪೆಕ್ಟರ್ ಗಾಡಿ ನೋಡಲೇಬೇಕು.

ಆದರೆ ದಂಡದ ಲೆಕ್ಕ ಎಲ್ಲಿಗೆ ಮುಟ್ಟುತ್ತದೆ ನೋಡಿ. ಹೊಸದುರ್ಗ ತಾಲ್ಲೂಕಿನ ರೈತರೊಬ್ಬರು ತಮ್ಮ ಮೊಪೆಡ್ ತಂದಿದ್ದರು. 2007ರ ಜುಲೈನಲ್ಲಿ ನೋಂದಣಿಯಾದ ಗಾಡಿ. ಅರ್ಜಿಗೆ ಚಾಸಿಸ್ ನಂಬರಿನ ಪೆನ್ಸಿಲ್ ಪ್ರಿಂಟ್ ಬೇಕು. ನಂಬರಿನ ಮೇಲೆ ಕೆಸರು ಗಟ್ಟಿಯಾಗಿ ತುಕ್ಕು ಹಿಡಿದಿತ್ತು. ಅವರೇ ಕುಕ್ಕರಗಾಲಲ್ಲಿ ಕೂತು, ಪೆಟ್ರೋಲ್ ಅದ್ದಿದ ಬಟ್ಟೆಯಿಂದ ಉಜ್ಜಿ, ತೆಳು ಕಾಗದ ಒತ್ತಿ ಹಿಡಿದು ಪೆನ್ಸಿಲ್ ಆಡಿಸಿದರು. ಅಂಕಿಗಳು ಒಂದೊಂದಾಗಿ ಮೂಡಿದವು. ಆಮೇಲೆ ಮೊತ್ತ ನೋಡಿದೆವು. 2022ರ ಜುಲೈನಿಂದ ಮೂರೂವರೆ ವರ್ಷ, 42 ತಿಂಗಳು; ದಂಡವೇ 12,600 ರೂಪಾಯಿ. ‘ಗಾಡಿ ಮಾರಿದ್ರೂ ಅಷ್ಟು ಬರಲ್ಲ ಅಕ್ಕಾ’ ಎಂದು ಆ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೋದರು. ಆ ಮೊಪೆಡ್ ಇಂದಿಗೂ ಓಡುತ್ತಿದೆ, ನವೀಕರಣವಿಲ್ಲದೆ.

ಮೋಟಾರು ವಾಹನ ಕಾಯ್ದೆಯ 192ನೇ ಕಲಂ ಪ್ರಕಾರ, ನೋಂದಣಿಯಿಲ್ಲದ ವಾಹನ ಓಡಿಸಿ ಮೊದಲ ಸಲ ಸಿಕ್ಕಿಬಿದ್ದರೆ ದಂಡ 2,000ದಿಂದ 5,000 ರೂಪಾಯಿ. ಅಂದರೆ ರಸ್ತೆಯಲ್ಲಿ ಸಿಕ್ಕಿಬಿದ್ದವನಿಗಿಂತ, ತಾನಾಗಿಯೇ ಬಂದು ‘ಸರಿಮಾಡಿಕೊಡಿ’ ಎಂದವನ ಮೇಲೆ ಹೊರೆ ಹೆಚ್ಚು. ಗಾಡಿ ಓಡಿದೆಯೋ, ಕೊಟ್ಟಿಗೆಯಲ್ಲಿ ನಿಂತಿತ್ತೋ ಎಂದೂ ಈ ಲೆಕ್ಕ ಕೇಳುವುದಿಲ್ಲ. ಜನರನ್ನು ಕಾನೂನಿನೊಳಗೆ ಕರೆತರಬೇಕಾದ ದಂಡವೇ ಅವರನ್ನು ಹೊರಗೆ ನಿಲ್ಲಿಸುತ್ತಿದೆ.

ಎಲ್ಲರೂ ಉದಾಸೀನದಿಂದ ತಡಮಾಡಿದವರಲ್ಲ. ಎಷ್ಟೋ ಗಾಡಿಗಳು ತೀರಿಹೋದ ತಂದೆಯ ಹೆಸರಿನಲ್ಲೇ ಇವೆ. ಮೊದಲು ನಮೂನೆ 31ರಲ್ಲಿ ಹೆಸರು ವರ್ಗಾವಣೆ ಆಗಬೇಕು. ಕೆಲವರು ಸಾಲ ತೀರಿಸಿ ವರ್ಷಗಳಾಗಿವೆ, ಆದರೆ ಫೈನಾನ್ಸ್‌ನಿಂದ ಎನ್‌ಒಸಿ ತಂದು ಆರ್‌ಸಿಯಲ್ಲಿ ಸಾಲದ ನಮೂದನ್ನು (ಎಚ್‌ಪಿ) ರದ್ದುಮಾಡಿಸಿಲ್ಲ. ಇನ್ನು ಕೆಲವರ ಫೋನ್ ನಂಬರ್ ದಾಖಲೆಯಲ್ಲೇ ಇಲ್ಲ. ಸಂದೇಶ ಬರುವುದಾದರೂ ಎಲ್ಲಿಗೆ? ಇದರ ಮೇಲೆ ದೂರ. ಆರ್‌ಟಿಒ ಕಚೇರಿ ಇರುವುದು ಚಿತ್ರದುರ್ಗದಲ್ಲಿ. ಹಿರಿಯೂರಿನಿಂದ ಸುಮಾರು 40 ಕಿ.ಮೀ., ಹೊಸದುರ್ಗದಿಂದ ಸುಮಾರು 60. ಧರ್ಮಪುರ, ಶ್ರೀರಾಂಪುರ ಹೋಬಳಿಯವರಿಗೆ ಇನ್ನೂ ದೂರ. ಅವಧಿ ಮುಗಿದ ಗಾಡಿಯನ್ನೇ ಅಷ್ಟು ದೂರ ಓಡಿಸಿಕೊಂಡು ಹೋಗಬೇಕು, ಇಲ್ಲವೇ ಬಾಡಿಗೆ ಕೊಟ್ಟು ಲಗೇಜ್ ಆಟೊದಲ್ಲಿ ಹೇರಬೇಕು.

ಗಾಡಿ ಇಟ್ಟುಕೊಂಡವರಿಗೂ ಒಂದು ಮಾತು. ದಂಡಕ್ಕಿಂತ ದೊಡ್ಡ ಪೆಟ್ಟು ವಿಮೆಯದು. ತಾತ್ಕಾಲಿಕ ನೋಂದಣಿ ಮುಗಿದ ಮೇಲೂ ಓಡಿದ ವಾಹನ ಅಪಘಾತಕ್ಕೀಡಾದ ಪ್ರಕರಣದಲ್ಲಿ, ವಿಮಾ ಕಂಪನಿ ಪರಿಹಾರ ನಿರಾಕರಿಸಿದ್ದು ಸರಿ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. ಅಂಥದೇ ಕಾರು ಕಳುವಾದಾಗಲೂ 2021ರ ಸೆಪ್ಟೆಂಬರ್‌ನಲ್ಲಿ ಅದೇ ನಿಲುವು ತಳೆಯಿತು. ‘ಇನ್ಶೂರೆನ್ಸ್ ಇದೆಯಲ್ಲ’ ಎಂಬ ಧೈರ್ಯದಲ್ಲಿ ಅವಧಿ ಮುಗಿದ ಆರ್‌ಸಿ ಇಟ್ಟುಕೊಂಡು ಓಡಾಡುವವರು ಈ ಎರಡು ತೀರ್ಪುಗಳನ್ನು ನೆನಪಿಡಬೇಕು. ಹಾಗೆಯೇ ಗಾಡಿಯನ್ನು ಗುಜರಿಗೆ ಕೊಡುವವರು ಆರ್‌ಸಿ ರದ್ದುಮಾಡಿಸದೆ ಕೊಡಬಾರದು. ಆ ನಂಬರಿನಲ್ಲಿ ಮುಂದೆ ಏನು ನಡೆದರೂ ವಿಚಾರಣೆ ಬರುವುದು ನಿಮ್ಮ ಮನೆ ಬಾಗಿಲಿಗೇ.

ಸರ್ಕಾರದಿಂದ ಆಗಬೇಕಾದ್ದು ಮೂರು ಕೆಲಸ. ಒಂದು, ತಡಮಾಡಿದ ದಂಡ ನವೀಕರಣ ಶುಲ್ಕವನ್ನು ಮೀರಬಾರದು. ಬೈಕಿಗೆ ಹೆಚ್ಚೆಂದರೆ 1,000, ಕಾರಿಗೆ ಹೆಚ್ಚೆಂದರೆ 5,000. ಅಷ್ಟಾದರೂ ಎಚ್ಚರಿಸಲು ಸಾಕು. ಎರಡು, ಅವಧಿ ಮುಗಿಯಲಿರುವ ವಾಹನಗಳ ನಂಬರುಗಳ ಪಟ್ಟಿ ಗ್ರಾಮ ಪಂಚಾಯಿತಿಯ ನೋಟಿಸ್ ಬೋರ್ಡಿನಲ್ಲಿ ಬರಲಿ. ನೋಟಿಸ್ ಕೊಡದೆ ದಂಡ ಶುರುವಾಗಬಾರದು. ಮೂರು, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಲ್ಲಿ ಪ್ರತಿ ತಿಂಗಳು ಗೊತ್ತಾದ ದಿನ ಇನ್‌ಸ್ಪೆಕ್ಟರ್ ಬಂದು ಹಳೆಯ ವಾಹನ ಪರಿಶೀಲಿಸುವ ಕ್ಯಾಂಪ್ ನಡೆಯಲಿ. ಹೆಸರು ವರ್ಗಾವಣೆ, ಎಚ್‌ಪಿ ರದ್ದತಿ ಅಲ್ಲೇ ಆಗಲಿ.

ನಿಯಮ ಕೇಂದ್ರದ್ದು ಎಂದು ರಾಜ್ಯ ಕೈತೊಳೆದುಕೊಳ್ಳುವಂತಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರದ ತಿದ್ದುಪಡಿಯಿಂದ ಸಂಚಾರ ದಂಡಗಳು ಏರಿದಾಗ, ಕರ್ನಾಟಕ ಅದೇ ತಿಂಗಳು ಹಲವು ದಂಡಗಳನ್ನು ಇಳಿಸಿತ್ತು. 2023ರ ಫೆಬ್ರುವರಿಯಲ್ಲಿ ಬಾಕಿ ಸಂಚಾರ ದಂಡಕ್ಕೆ ಶೇ 50 ರಿಯಾಯಿತಿ ಕೊಟ್ಟಾಗ ಜನ ಸಾಲುಗಟ್ಟಿ ಬಂದು ಕಟ್ಟಿದರು. ಕಟ್ಟಬಹುದಾದ ಮೊತ್ತ ಕೇಳಿದರೆ ಜನ ಕಟ್ಟುತ್ತಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ನಮ್ಮ ಸಂಸದರು ದಂಡದ ಮಿತಿಯ ವಿಷಯವನ್ನು ದೆಹಲಿಯಲ್ಲಿ ಎತ್ತಲಿ. ನಮ್ಮ ಶಾಸಕರು ತಾಲ್ಲೂಕು ಕ್ಯಾಂಪಿಗೆ ಸಾರಿಗೆ ಸಚಿವರನ್ನು ಒತ್ತಾಯಿಸಲಿ. ಅದಕ್ಕೆ ಯಾವ ಕಾಯ್ದೆಯ ತಿದ್ದುಪಡಿಯೂ ಬೇಕಿಲ್ಲ, ಇಲಾಖೆಯ ಒಂದು ಆದೇಶ ಸಾಕು.