ಕರಗುವ ನೆಲಕ್ಕೆ ಸ್ವಾಗತ ಕೋರುವವರು

ಸೈಬೀರಿಯಾ ಬೆಚ್ಚಗಾದರೆ ಒಳ್ಳೆಯದೇ ಆಯಿತಲ್ಲ ಎಂಬ ಮಾತನ್ನು ನಾವು ಈಗಲೂ ಕೇಳುತ್ತಿದ್ದೇವೆ. 2003ರಲ್ಲಿ ಮಾಸ್ಕೋದ ಹವಾಮಾನ ಸಮ್ಮೇಳನದಲ್ಲಿ ಅಧ್ಯಕ್ಷ ಪುಟಿನ್ ಅವರೇ, ಒಂದೆರಡು ಡಿಗ್ರಿ ಬಿಸಿಯೇರಿದರೆ ತುಪ್ಪಳದ ಕೋಟಿನ ಖರ್ಚು ಉಳಿದೀತು, ಧಾನ್ಯದ ಬೆಳೆಯೂ ಹೆಚ್ಚೀತು ಎಂಬರ್ಥದ ತಮಾಷೆ ಮಾಡಿದ್ದರು. ಹಿಮ ಕರಗಿದಲ್ಲಿ ಕಾಡು ಬೆಳೆಯುತ್ತದೆ, ಹೊಲ ಸಿಗುತ್ತದೆ, ಎಣ್ಣೆಯೂ ಸಿಗುತ್ತದೆ ಎಂದು ಲೆಕ್ಕ ಹಾಕುವವರು ಒಂದು ವಿಷಯವನ್ನು ಮರೆಮಾಚುತ್ತಾರೆ. ಅಲ್ಲಿಯ ಕಾಡು ನಿಂತಿರುವುದೇ ಹೆಪ್ಪುಗಟ್ಟಿದ ನೆಲದ ಮೇಲೆ.

ಸತತ ಎರಡು ವರ್ಷವಾದರೂ ಕರಗದೆ ಉಳಿಯುವ ಇಂಥ ನೆಲವನ್ನು ಪರ್ಮಾಫ್ರಾಸ್ಟ್ ಎನ್ನುತ್ತಾರೆ. ಪೂರ್ವ ಸೈಬೀರಿಯಾದ ಯಾಕೂತಿಯಾದಲ್ಲಿ ಅದು ನೂರಾರು ಮೀಟರ್ ಆಳಕ್ಕಿದೆ. ಬೇಸಿಗೆಯಲ್ಲಿ ಸಡಿಲವಾಗುವುದು ಮೇಲಿನ ಒಂದೆರಡು ಮೀಟರ್ ಮಾತ್ರ. ಯಾಕುತ್ಸ್ಕ್ ನಗರದ ಸುತ್ತ ಮಳೆ, ಹಿಮ ಎಲ್ಲ ಸೇರಿ ವರ್ಷಕ್ಕೆ 250 ಮಿ.ಮೀ. ಆಸುಪಾಸು, ನಮ್ಮ ಚಳ್ಳಕೆರೆಯ ಮಳೆಗಿಂತಲೂ ಕಡಿಮೆ. ಅಷ್ಟೇ ನೀರಿನಲ್ಲಿ ಲಾರ್ಚ್ ಮರಗಳ ಮಹಾ ಅರಣ್ಯವೊಂದು ಬದುಕಿರುವುದು ಹೇಗೆ? ಕೆಳಗಿನ ಹೆಪ್ಪುನೆಲ ತೊಟ್ಟಿಯ ತಳದಂತೆ ನೀರನ್ನು ಇಂಗಗೊಡದೆ ಬೇರಿನ ಬಳಿ ಹಿಡಿದಿಡುತ್ತದೆ. ಪ್ರತಿಯಾಗಿ ಮರದ ನೆರಳು ಮತ್ತು ಅದರಡಿಯ ಪಾಚಿ ಕಂಬಳಿಯಂತೆ ಹೊದ್ದುಕೊಂಡು ಆ ಹೆಪ್ಪನ್ನು ಕಾಯುತ್ತವೆ. ಬಟಗಾಯ್ ಎಂಬಲ್ಲಿ ಕಳೆದ ಶತಮಾನದ ಮಧ್ಯದಲ್ಲಿ ಕಾಡು ಕಡಿದರು. ಬಯಲಾದ ನೆಲ ಕುಸಿಯತೊಡಗಿತು. ಇಂದು ಅಲ್ಲಿರುವುದು ಸುಮಾರು ಒಂದು ಕಿಲೋಮೀಟರ್ ಉದ್ದದ ಕಂದರ. ಅದು ಇನ್ನೂ ಅಗಲವಾಗುತ್ತಲೇ ಇದೆ.

ಅಲಾಸ್ಕಾ, ಕೆನಡಾಗಳಲ್ಲಿ ಕಾಲಡಿಯ ಮಂಜುಗಡ್ಡೆ ಕರಗಿ ಸ್ಪ್ರೂಸ್ ಮರಗಳು ಅತ್ತಿತ್ತ ವಾಲಿ ನಿಂತಿವೆ. 'ಕುಡುಕ ಕಾಡು' ಎಂದು ಅದಕ್ಕೆ ಹೆಸರು. (ಕುಡಿದವರು ಯಾರೋ, ತೂರಾಡುವವರು ಯಾರೋ!) ಕುಸಿದ ತಗ್ಗಿನಲ್ಲಿ ನೀರು ನಿಂತು, ಬೇರು ಕೊಳೆತು, ಕಾಡಿದ್ದ ಜಾಗ ಜೌಗಾಗುತ್ತದೆ. ಸಾವಿರಾರು ವರ್ಷ ಹೆಪ್ಪಿನಲ್ಲಿದ್ದ ಎಲೆ, ಬೇರುಗಳನ್ನು ಗಾಳಿಯಾಡದ ಆ ಕೆಸರಿನಲ್ಲಿ ಸೂಕ್ಷ್ಮಜೀವಿಗಳು ತಿಂದು ಮೀಥೇನ್ ಹೊರಬಿಡುತ್ತವೆ. ಬೇರೆ ಕೆಲವೆಡೆ ಇದರ ತದ್ವಿರುದ್ಧ: ತಳದ ಹೆಪ್ಪು ಒಡೆದು ಕೆರೆಗಳೇ ಬತ್ತುತ್ತವೆ. ಪರ್ಮಾಫ್ರಾಸ್ಟ್‌ನಲ್ಲಿ ಅಡಗಿರುವ ಇಂಗಾಲ ಇಡೀ ವಾತಾವರಣದಲ್ಲಿರುವುದರ ಸುಮಾರು ಇಮ್ಮಡಿ ಎಂಬುದನ್ನು ಲಾಭದ ಲೆಕ್ಕದವರು ಯಾವ ಖಾತೆಗೆ ಬರೆಯುತ್ತಾರೆ?

ಯಾಕೂತಿಯಾದ ಸಾಖಾ ಜನ ದನ, ಕುದುರೆ ಮೇಯಿಸುವ 'ಅಲಾಸ್' ಹುಲ್ಲುಗಾವಲುಗಳೂ ಹೆಪ್ಪು ಕರಗಿಯೇ ಆದವಲ್ಲವೇ ಎಂದು ವಾದಿಸಬಹುದು. ನಿಜ. ಆದರೆ ಅವು ರೂಪುಗೊಳ್ಳಲು ಸಾವಿರಾರು ವರ್ಷ ಹಿಡಿಯಿತು. ಈಗ ಒಬ್ಬ ಮನುಷ್ಯನ ಆಯುಷ್ಯದೊಳಗೇ ಅವನ ಹೊಲ ದಿಬ್ಬ-ಗುಂಡಿಗಳಾಗುತ್ತಿದೆ. 2021ರಲ್ಲಿ ಯಾಕೂತಿಯಾದಲ್ಲಿ 80 ಲಕ್ಷ ಹೆಕ್ಟೇರಿಗೂ ಹೆಚ್ಚು ಪ್ರದೇಶ ಬೆಂಕಿಗೆ ಸಿಕ್ಕಿತು. ಸುಟ್ಟ ಕಡೆ ಮರದ ಜೊತೆ ಆ ಪಾಚಿಯ ಕಂಬಳಿಯೂ ಹೋಗುತ್ತದೆ.

ಇನ್ನು ನಮ್ಮವರ ಮಾತು. ಭೂಮಿ ಅಲ್ಲಾಹನು ಮನುಷ್ಯನಿಗೆ ಒಪ್ಪಿಸಿದ ಅಮಾನತ್ ಎಂದು ಖುತ್ಬಾಗಳಲ್ಲಿ ಕೇಳುತ್ತೇವೆ. ಆದರೆ 2023ರಲ್ಲಿ ದುಬೈಯಲ್ಲಿ ನಡೆದ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನಕ್ಕೆ ಅಧ್ಯಕ್ಷರಾದವರು ಅಬುಧಾಬಿಯ ಸರಕಾರಿ ತೈಲ ಕಂಪೆನಿಯ ಮುಖ್ಯಸ್ಥರು! ಅಮಾನತಿಗೆ ಇದೆಂಥ ಕಾವಲು ಎಂದು ಪ್ರಶ್ನಿಸುವ ದನಿ ನಮ್ಮ ವೇದಿಕೆಗಳಿಂದ ನಮಗೆ ಕೇಳಿಸಲಿಲ್ಲ. ಕರಾವಳಿಯ ಎಷ್ಟೋ ಮನೆಗಳ ಒಲೆ ಉರಿಯುವುದು ಕೊಲ್ಲಿಯ ದುಡಿಮೆಯಿಂದಲ್ಲವೇ, ಸುಮ್ಮನಿರಿ ಎನ್ನುವವರಿದ್ದಾರೆ. ಅಲ್ಲಿ ಬೆವರು ಸುರಿಸುವ ನಮ್ಮ ಹುಡುಗರು ತೈಲನೀತಿ ಬರೆದವರಲ್ಲ. ಅವರ ಹೆಸರು ಹೇಳಿ ಬಾಯಿ ಮುಚ್ಚಿಸುವುದು ಬೇಡ.

ಕೆನಡಾದ ಉತ್ತರದ ತುದಿಗೆ, ಇನುವಿಕ್ ಪಟ್ಟಣದಲ್ಲಿ ಒಂದು ಪುಟ್ಟ ಮಸೀದಿಯಿದೆ. 2010ರಲ್ಲಿ ವಿನ್ನಿಪೆಗ್‌ನಲ್ಲಿ ಕಟ್ಟಿ, ಸುಮಾರು 4,000 ಕಿ.ಮೀ. ದೂರ ಲಾರಿ, ದೋಣಿಗಳ ಮೇಲೆ ಹೊತ್ತು ತಂದದ್ದು. ಊರಿನ ಮನೆಗಳಂತೆ ಅದೂ ಹೆಪ್ಪುನೆಲದ ಮೇಲೆಯೇ ನಿಂತಿದೆ. ಅಲ್ಲಿ ನಮಾಜಿಗೆ ಸಾಲು ನಿಲ್ಲುವವರಿಗೆ, ಅವರ ಕಾಲಡಿಯ ನೆಲದ ಬಗ್ಗೆ ರಿಯಾದ್ ಮತ್ತು ಅಬುಧಾಬಿಯ ತೈಲ ಮಂತ್ರಿಗಳು ಏನು ಹೇಳುತ್ತಾರೆ?